ಹಕ್ಕಿಯ ದಾಣಿಯೊಳಗೆ ಕಿಣ್ವ ಬಂದ ಕಥೆ



ಕೋಳಿಯ ಜೊತೆಗೆ ನಾಲ್ಕು ಗೌಜಲಕ್ಕಿಯನ್ನೂ ಸಾಕೋಣವೆಂದು ಮನಸ್ಸು ಮಾಡಿದ ಮನೆಯವರು ಈಚೆಗೆ ಒಂದು ಪ್ರಶ್ನೆ ಕೇಳುತ್ತಾರೆ. “ಸಾಹೇಬ್ರ, ದಾಣಿ ಅಂಗಡ್ಯಾಗ ಎನ್‌ಜೈಮ್ ಅಂತ ಒಂದು ಪುಡಿ ಕೊಡ್ತಾರ. ಅದನ್ನ ಹಾಕಿದ್ರ ತತ್ತಿ ಹೆಚ್ಚು ಬರ್ತಾವಂತ. ಖರೇ ಏನು?” ಇದು ನ್ಯಾಯವಾದ ಪ್ರಶ್ನೆ. ಗಂಟಿನ ರೊಕ್ಕ ಬಿಚ್ಚುವ ಮೊದಲು ಕೇಳಲೇಬೇಕಾದದ್ದು. ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಆದುದರಿಂದ ಆ ಪುಡಿ ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಬಂತು, ಯಾವ ಕಷ್ಟಕ್ಕೆ ಪರಿಹಾರವಾಗಿ ಬಂತು ಎಂಬ ಇತಿಹಾಸವನ್ನೇ ಹೇಳುತ್ತೇನೆ. ಕಥೆ ಮುಗಿಯುವಷ್ಟರಲ್ಲಿ ಉತ್ತರ ನಿಮಗೇ ಹೊಳೆದೀತು.

ಎನ್‌ಜೈಮ್ ಎಂಬುದಕ್ಕೆ ಕನ್ನಡದಲ್ಲಿ ಕಿಣ್ವ ಎನ್ನುತ್ತೇವೆ. ಈ ಮಾತು ಹೊಸದಲ್ಲ. ಮದ್ಯವನ್ನು ಹುದುಗಿಸಲು ಹಾಕುತ್ತಿದ್ದ ಬೀಜದ್ರವ್ಯಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಕಿಣ್ವವೆಂಬ ಹೆಸರುಂಟು. ಹೆಸರು ಗೊತ್ತಿಲ್ಲದಿದ್ದರೂ ಅದರ ಕೆಲಸ ನಿಮ್ಮ ಮನೆಯಲ್ಲಿ ದಿನಾಲೂ ನಡೆದಿದೆ. ಜೋಳದ ರೊಟ್ಟಿಯ ತುಣುಕನ್ನು ಬಾಯಲ್ಲಿ ಬಹಳ ಹೊತ್ತು ಅಗಿದು ನೋಡ್ರಿ, ಸಿಹಿಯಾಗುತ್ತದೆ. ಎಂಜಲಿನೊಳಗಿನ ಕಿಣ್ವವು ಹಿಟ್ಟನ್ನು ಸಕ್ಕರೆಯಾಗಿ ಒಡೆದದ್ದೇ ಇದಕ್ಕೆ ಕಾರಣ. ಅಂಬಲಿ ಹುಳಿಯಾಗುವುದು, ಹೆಪ್ಪು ಹಾಕಿದ ಹಾಲು ಮೊಸರಾಗುವುದು, ಇವು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ತಮ್ಮ ಕಿಣ್ವಗಳಿಂದ ಮಾಡಿಸುವ ಕೆಲಸ. ಮಾಂಸ ಬೇಗ ಬೇಯಲೆಂದು ಹಸಿ ಪಪ್ಪಾಯಿಯ ಹೋಳು ಹಾಕುವುದಿಲ್ಲವೇ? ಅದರ ಹಾಲಿನಲ್ಲಿಯೂ ಕಿಣ್ವವಿದೆ.

ಇದರ ಗುಣ ಒಂದೇ ಮಾತಿನಲ್ಲಿ ಹೇಳುವುದಾದರೆ, ಕಿಣ್ವವೆಂದರೆ ಕೀಲಿಕೈ. ಒಂದು ಕೀಲಿಕೈ ಒಂದೇ ಕೀಲಿಯನ್ನು ತೆಗೆಯುತ್ತದೆ. ಹಿಟ್ಟನ್ನು ಒಡೆಯುವ ಕಿಣ್ವ ಮಾಂಸವನ್ನು ಮುಟ್ಟದು. ಪಪ್ಪಾಯಿಯ ಕಿಣ್ವ ಹಿಟ್ಟನ್ನು ಮುಟ್ಟದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಶಾಸ್ತ್ರಜ್ಞರ ಕೈಗೆ ಕಿಣ್ವ ಮೊದಲು ಸಿಕ್ಕದ್ದು ಮೊಳಕೆ ಬಂದ ಧಾನ್ಯದಲ್ಲಿ. 1833ರಲ್ಲಿ ಫ್ರಾನ್ಸ್ ದೇಶದ ಪಾಯೆನ್ ಮತ್ತು ಪೆರ್ಸೋ ಎಂಬಿಬ್ಬರು ಮೊಳಕೆ ಬರಿಸಿದ ಜವೆಗೋಧಿಯಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಒಂದು ಚಿಟಿಕೆ ಹಾಕಿದರೆ ರಾಶಿ ಗಂಜಿ ನೀರಾಗಿ ಸಿಹಿಯಾಗುತ್ತಿತ್ತು. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಎನ್‌ಜೈಮ್ ಎಂಬ ಪದವನ್ನು 1878ರಲ್ಲಿ ಜರ್ಮನಿಯ ಕ್ಯೂನೆ ಟಂಕಿಸಿದ. 1897ರಲ್ಲಿ ಅದೇ ದೇಶದ ಬುಖ್ನರ್ ಎಂಬಾತ ಹುದುಗು ಬರಿಸುವ ಈಸ್ಟನ್ನು ಅರೆದು ಹಿಂಡಿ, ಜೀವವಿಲ್ಲದ ಆ ರಸವೂ ಸಕ್ಕರೆಯನ್ನು ಹುದುಗಿಸಬಲ್ಲದೆಂದು ತೋರಿಸಿಕೊಟ್ಟ. ಎಂದರೆ ಜೀವಿ ಸತ್ತರೂ ಅದರ ಕಿಣ್ವ ದುಡಿಯುತ್ತದೆ. ಇಂದು ಕಿಣ್ವವನ್ನು ಪುಡಿ ಮಾಡಿ ಪೊಟ್ಟಣದಲ್ಲಿ ಮಾರಲು ಸಾಧ್ಯವಾದದ್ದು ಈ ತಿಳಿವಳಿಕೆಯಿಂದ.

ಆದರೂ ಕಿಣ್ವವೆಂದರೆ ಯಾವ ವಸ್ತು ಎಂಬ ವಾದ ಮುಗಿಯಲಿಲ್ಲ. ಅದನ್ನು ಮುಗಿಸಿದವನು ಅಮೆರಿಕದ ಜೇಮ್ಸ್ ಸಮ್ನರ್. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯಲ್ಲಿ ಗುಂಡು ತಗುಲಿ ಎಡಗೈ ಕಳೆದುಕೊಂಡವನು. ಒಂದೇ ಕೈಯವನಿಗೆ ರಸಾಯನಶಾಸ್ತ್ರ ಒಲಿಯದೆಂದು ಗುರುಗಳೇ ಹೇಳಿದ್ದರು. ಅವನು ಬಿಡಲಿಲ್ಲ. ಕತ್ತಿಯಂತೆ ಉದ್ದ ಕಾಯಿ ಬಿಡುವ ಒಂದು ಜಾತಿಯ ಅವರೆಯ ಕಾಳನ್ನು ಹಿಟ್ಟು ಮಾಡಿ, ಒಂಬತ್ತು ವರ್ಷ ದುಡಿದು, 1926ರಲ್ಲಿ ಯೂರಿಯೇಸ್ ಎಂಬ ಕಿಣ್ವವನ್ನು ಹರಳು ರೂಪದಲ್ಲಿ ತೆಗೆದ. ಕಿಣ್ವವು ಒಂದು ಪ್ರೋಟೀನು ಎಂದು ಆಗ ಸಿದ್ಧವಾಯಿತು. 1946ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂತು. ಇದರಿಂದ ನಮಗೇನು ಅಂತೀರೇನು? ಪ್ರೋಟೀನು ಅಂದ ಮೇಲೆ ಬಿಸಿಗೆ ಕೆಡುತ್ತದೆ. ತತ್ತಿಯ ಬಿಳಿ ಭಾಗ ಕುದಿಯುವ ನೀರಿನಲ್ಲಿ ಗಟ್ಟಿಯಾದಂತೆ ಕಿಣ್ವವೂ ಬಿಸಿ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ಪೊಟ್ಟಣವನ್ನು ಬಿಸಿಲಿನ ಕಿಟಕಿಯಲ್ಲಿ ಇಡಬಾರದೆಂದು ಹೇಳುವುದು ಇದಕ್ಕೇ.

ಇನ್ನು ಕೋಳಿಯ ದಾಣಿಗೆ ಬರೋಣ. ಜಪಾನಿನವರು ಹಿಂದಿನಿಂದಲೂ ಅಕ್ಕಿ, ಸೋಯಾಗಳ ಮೇಲೆ ಒಂದು ಬಗೆಯ ಬೂಷ್ಟು ಬೆಳೆಸಿ ಹುದುಗು ತಯಾರಿಸುತ್ತಿದ್ದರು. ಆ ಬೂಷ್ಟನ್ನು ಗೋಧಿ ತೌಡಿನ ಮೇಲೆ ಬೆಳೆಸಿ ಕಿಣ್ವ ತೆಗೆಯುವ ವಿಧಾನಕ್ಕೆ ತಕಾಮಿನೆ ಎಂಬ ಜಪಾನೀಯನು 1894ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ. 1925ರ ಸುಮಾರಿಗೆ ಅದೇ ಜಾತಿಯ ಬೂಷ್ಟಿನಿಂದ ತಯಾರಾದ ಪುಡಿಯನ್ನು ಅಮೆರಿಕದವರು ತತ್ತಿಯಿಡುವ ಕೋಳಿಗಳಿಗೆ ತಿನ್ನಿಸಿ ನೋಡಿದರು. ಆದರೆ ಯಾವ ಕೀಲಿಗೆ ಯಾವ ಕೀಲಿಕೈ ಎಂಬ ತಿಳಿವಳಿಕೆ ಆಗ ಇರಲಿಲ್ಲ. ಆದ್ದರಿಂದ ಆ ಪ್ರಯತ್ನ ಬಹಳ ಮುಂದೆ ಸಾಗಲಿಲ್ಲ.

ಸರಿಯಾದ ಕೀಲಿ ಸಿಕ್ಕದ್ದು 1957ರಲ್ಲಿ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಜವೆಗೋಧಿ ಬಹಳ ಬೆಳೆಯುತ್ತದೆ, ಆದರೆ ಅದನ್ನು ತಿಂದ ಮರಿಗಳು ಏಳಿಗೆಯಾಗುತ್ತಿರಲಿಲ್ಲ. ಹಿಕ್ಕೆ ಅಂಟಂಟಾಗಿ ಬುಡಕ್ಕೆ ಮೆತ್ತಿಕೊಳ್ಳುತ್ತಿತ್ತು. ಜವೆಗೋಧಿಯಲ್ಲಿ ಬೆಂಡೆಕಾಯಿಯ ಲೋಳೆಯಂಥ ಒಂದು ಅಂಟು ಪದಾರ್ಥವುಂಟು. ಅದು ಕರುಳಿನಲ್ಲಿ ಮಡ್ಡಿಯಾಗಿ ನಿಂತು, ಬೇರೆ ಸತ್ವವನ್ನೂ ಮೈಗೆ ಹತ್ತಲು ಬಿಡದು. ಜೆನ್ಸನ್ ಮತ್ತು ಸಂಗಡಿಗರು ಕಿಣ್ವ ಸೇರಿಸಿದಾಗ ಮರಿಗಳು ಚೆನ್ನಾಗಿ ಬೆಳೆದವು, ಹಿಕ್ಕೆ ಒಣಗಿತು. ಜವೆಗೋಧಿಯೇ ಹೆಚ್ಚು ಬೆಳೆಯುವ ಫಿನ್‌ಲೆಂಡ್ ದೇಶದಲ್ಲಿ 1984ರಲ್ಲಿ ಇಂಥ ಕಿಣ್ವ ಕೋಳಿ ದಾಣಿಗೆಂದೇ ಪೇಟೆಗೆ ಬಂತು. ನೋಡಿದಿರಾ? ಅಲ್ಲಿನ ಬೆಳೆಗೆ ಅಲ್ಲಿನ ಕೀಲಿಕೈ. ನಮ್ಮ ಕಕ್ಕೇರಾ ಸೀಮೆಯಲ್ಲಿ ಹಕ್ಕಿಗೆ ಜವೆಗೋಧಿ ಹಾಕುವವರು ಯಾರು? ಜೋಳ, ಸಜ್ಜೆ, ಗೋವಿನಜೋಳದಲ್ಲಿ ಆ ಬಗೆಯ ಅಂಟು ಬಹಳ ಕಡಿಮೆ. ಜವೆಗೋಧಿಯ ಕೀಲಿಕೈಯನ್ನು ಇಲ್ಲಿ ತಂದು ತಿರುವಿದರೆ ತೆಗೆಯಲು ಕೀಲಿಯೇ ಇಲ್ಲ.

ನಮಗೆ ಸಂಬಂಧಪಟ್ಟ ಕೀಲಿ ಬೇರೆ. ಅದರ ಕಥೆ ಅಕ್ಕಿಯ ತೌಡಿನಿಂದ ಪ್ರಾರಂಭವಾಗುತ್ತದೆ. ಧಾನ್ಯ, ತೌಡು, ಹಿಂಡಿಗಳಲ್ಲಿ ರಂಜಕವಿದೆ. ಎಲುಬಿಗೆ ಸುಣ್ಣದಷ್ಟೇ ರಂಜಕವೂ ಬೇಕು. ತತ್ತಿಯ ಸಿಪ್ಪೆಗೆ ಬೇಕಾದ ಸುಣ್ಣವನ್ನು ಹಕ್ಕಿ ರಾತ್ರಿ ತನ್ನ ಎಲುಬಿನಿಂದಲೂ ತೆಗೆದುಕೊಳ್ಳುತ್ತದೆ. ಎಲುಬು ಬಲವಿಲ್ಲದಿದ್ದರೆ ಸಿಪ್ಪೆಯೂ ತೆಳುವೇ. ಆದರೆ ಕಾಳಿನೊಳಗಿನ ರಂಜಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ಗಂಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಚ್ಚುವ ಶಕ್ತಿ ಕೋಳಿಗೂ ಗೌಜಲಕ್ಕಿಗೂ ಬಹಳ ಕಡಿಮೆ. ಕಣಜದಲ್ಲಿ ಕಾಳಿದ್ದು ಕೀಲಿಕೈ ಇಲ್ಲದ ಮನೆಯಂತೆ ಅವುಗಳ ಪಾಡು. ತಿಂದದ್ದರಲ್ಲಿ ಬಹುಪಾಲು ಹಿಕ್ಕೆಯಲ್ಲಿ ಹೊರಟು ಹೋಗುತ್ತದೆ.

1907ರಲ್ಲಿ ಜಪಾನಿನ ಸುಜುಕಿ ಮತ್ತು ಜೊತೆಗಾರರು ಈ ಗಂಟನ್ನು ಬಿಚ್ಚುವ ಕಿಣ್ವವನ್ನು ಅಕ್ಕಿ ತೌಡಿನಲ್ಲಿಯೇ ಕಂಡರು. ಅದೇ ಫೈಟೇಸ್. 1968ರಿಂದ 1971ರೊಳಗೆ ಅಮೆರಿಕದ ನೆಲ್ಸನ್ ಮತ್ತು ಸಂಗಡಿಗರು ಬೂಷ್ಟಿನಿಂದ ತೆಗೆದ ಫೈಟೇಸನ್ನು ಕೋಳಿಮರಿಗಳಿಗೆ ಕೊಟ್ಟು, ಗಂಟಿನೊಳಗಿನ ರಂಜಕ ಮೈಗೆ ಹತ್ತುವುದನ್ನು ತೋರಿಸಿದರು. ಆದರೂ ಬೆಲೆ ಹೆಚ್ಚಾದ್ದರಿಂದ ಯಾರೂ ಕೊಳ್ಳಲಿಲ್ಲ. 1991ರಲ್ಲಿ ಹಾಲೆಂಡಿನಲ್ಲಿ ಅದು ಪೇಟೆಗೆ ಇಳಿಯಿತು. ಅಲ್ಲಿ ಕೋಳಿ, ಹಂದಿಗಳ ಗೊಬ್ಬರದ ರಂಜಕ ಹಳ್ಳ-ಕೆರೆಗಳನ್ನು ಕೆಡಿಸುತ್ತಿತ್ತು, ಸರ್ಕಾರ ಬಿಗಿ ಕಾನೂನು ಮಾಡಿತ್ತು. ನೀರು ಕೆಡದಿರಲೆಂದು ಬಂದ ಕಿಣ್ವ ಕಾಲಕ್ರಮದಲ್ಲಿ ರೈತನ ಖರ್ಚನ್ನೂ ಉಳಿಸತೊಡಗಿತು.

ನಮ್ಮ ನಾಡಿನಲ್ಲಿಯೂ ಕಿಣ್ವದ ಕೆಲಸ ನಿನ್ನೆ ಮೊನ್ನೆಯದಲ್ಲ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ತೌಡಿನ ಮೇಲೆ ಬೂಷ್ಟು ಬೆಳೆಸಿ ಕಿಣ್ವ ತೆಗೆಯುವ ವಿಧಾನಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 1978ರಲ್ಲಿ ಕಿರಣ್ ಮಜುಮ್‌ದಾರ್ ಎಂಬ ತರುಣಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಕಂಪನಿಯನ್ನು ಪ್ರಾರಂಭಿಸಿದರು. ಅವರ ಮೊದಲ ಸರಕುಗಳಲ್ಲೊಂದು ಪಪ್ಪಾಯಿಯ ಹಾಲಿನಿಂದ ತೆಗೆದ ಪಪೇಯಿನ್ ಕಿಣ್ವ. ನಮ್ಮ ಹಿತ್ತಲ ಗಿಡದ ಹಾಲು ಹೊರದೇಶಕ್ಕೆ ಹೋಯಿತೆಂದಾಯಿತು. ಆ ಕಂಪನಿ ತನ್ನ ಕಿಣ್ವದ ವ್ಯವಹಾರವನ್ನು 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ ಮಾರಿತು. ದನ-ಕರು, ಕುರಿ-ಕೋಳಿಗಳ ಆಹಾರದ ಅಧ್ಯಯನಕ್ಕಾಗಿಯೇ ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಪ್ರಾರಂಭವಾಯಿತು.

ಕಿಣ್ವದ ಕಥೆ ಇಲ್ಲಿಗೆ ನಿಲ್ಲಲಿ. ಹಕ್ಕಿಯ ಕಥೆಯನ್ನೂ ನಾಲ್ಕು ಮಾತಿನಲ್ಲಿ ಕೇಳಿರಿ. ನಾವು ಸಾಕುವುದು ಜಪಾನೀ ಗೌಜಲಕ್ಕಿ. ಪೇಟೆಯಲ್ಲಿ ಕ್ವೇಲ್ ಅನ್ನುತ್ತಾರೆ. ಜಪಾನಿನವರು ಮೊದಲು ಇದನ್ನು ಅದರ ಕೂಗಿನ ಚೆಂದಕ್ಕಾಗಿ ಪಂಜರದಲ್ಲಿ ಸಾಕುತ್ತಿದ್ದರು. 1910ರ ಈಚೆಗೆ ತತ್ತಿಗಾಗಿ ಸಾಕತೊಡಗಿದರು. ಎರಡನೆಯ ಮಹಾಯುದ್ಧದಲ್ಲಿ ಸಾಕಿದ ಹಕ್ಕಿಗಳು ಬಹುತೇಕ ನಾಶವಾಗಿ, ಉಳಿದ ಕೆಲವೇ ಹಕ್ಕಿಗಳಿಂದ ಸಂತತಿಯನ್ನು ಪುನಃ ಬೆಳೆಸಿದರು. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರಪ್ರದೇಶದ ಇಜ್ಜತ್‌ನಗರಕ್ಕೆ ಬಂತು. ಅಲ್ಲಿ 1979ರಲ್ಲಿ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಏರ್ಪಟ್ಟು, ನಮ್ಮ ಹವೆಗೆ ಹೊಂದುವ ತಳಿಗಳು ಹೊರಬಂದವು. ತಮಿಳುನಾಡಿನವರು ನಂದನಂ ಎಂಬ ತಳಿಯನ್ನು ತೆಗೆದರು. 2011ರಲ್ಲಿ ವನ್ಯಜೀವಿ ಕಾನೂನಿನ ಕಾರಣದಿಂದ ಕೇಂದ್ರ ಸರ್ಕಾರ ಹೊಸ ಸಾಕಣೆಗೆ ತಡೆ ಹಾಕಿತ್ತು, 2013ರ ಕೊನೆಗೆ ಈ ಜಪಾನೀ ಹಕ್ಕಿಯ ಮಟ್ಟಿಗೆ ಸಡಿಲ ಮಾಡಿತು. ಹೊಲದಲ್ಲಿ ಸಿಗುವ ಕಾಡು ಹಕ್ಕಿಯನ್ನು ಬಲೆ ಹಾಕಿ ಹಿಡಿಯುವುದು ಈಗಲೂ ಅಪರಾಧ, ನೆನಪಿರಲಿ.

ಈ ಹಕ್ಕಿ ಆರೇಳು ವಾರಕ್ಕೆ ತತ್ತಿ ಹಿಡಿಯುತ್ತದೆ. ಹಕ್ಕಿಯ ತೂಕ 150ರಿಂದ 200 ಗ್ರಾಂ, ತತ್ತಿಯದು ಸುಮಾರು 10 ಗ್ರಾಂ. ಅಂದರೆ ತನ್ನ ಮೈತೂಕದ ಇಪ್ಪತ್ತನೆಯ ಒಂದು ಪಾಲನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ಹೆಚ್ಚು ಕಡಿಮೆ ದಿನಾಲೂ ಇಡುತ್ತದೆ. ದೊಡ್ಡ ಕೋಳಿಗೂ ಇಷ್ಟು ಭಾರವಿಲ್ಲ. ಆದುದರಿಂದ ದಾಣಿಯಲ್ಲಿ ಕೊರತೆಯಾದರೆ ಇದು ಬೇಗ ಸೋಲುತ್ತದೆ. ತತ್ತಿಯಿಡುವ ಹಕ್ಕಿಯ ದಾಣಿಯಲ್ಲಿ ನೂರಕ್ಕೆ 20 ಪಾಲು ಪ್ರೋಟೀನು, ಎರಡೂವರೆ ಪಾಲು ಸುಣ್ಣದಂಶ, ಮೈಗೆ ಹತ್ತುವ ರಂಜಕ 0.35 ಪಾಲು ಇರಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಲೆಕ್ಕ ಕೊಟ್ಟಿದೆ.

ಈಗ ನಮ್ಮೂರಿಗೆ ಬನ್ನಿರಿ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯಲ್ಲಿ ಕೃಷ್ಣೆಯ ನೀರು ಹರಿದ ಮೇಲೆ ಸುರಪುರ, ಶಹಾಪುರಗಳ ಕಡೆ ಭತ್ತ ಬಂತು. ಭತ್ತದ ಹಿಂದೆ ಗಿರಣಿ ಬಂತು, ಗಿರಣಿಯ ಹಿಂದೆ ತೌಡು ಬಂತು. ಒಣಭೂಮಿಯ ಜೋಳ, ಸಜ್ಜೆ, ತೊಗರಿ, ಶೇಂಗಾ ಮೊದಲಿನಿಂದಲೂ ಇದ್ದವು. ಹಕ್ಕಿಯ ದಾಣಿಯನ್ನು ಮನೆಯಲ್ಲೇ ಬೆರೆಸುವವರು ಖರ್ಚು ಉಳಿಸಲು ಇವನ್ನೇ ಹೆಚ್ಚು ಹಾಕುತ್ತಾರೆ. ತೌಡು ಹೆಚ್ಚಿದಷ್ಟೂ ಫೈಟೇಟಿನ ಗಂಟು ಹೆಚ್ಚು. ತೌಡಿನೊಳಗಿನ ಸ್ವಂತ ಫೈಟೇಸ್ ಆ ಗಂಟನ್ನು ಬಿಚ್ಚಲು ಸಾಲದು. ಅಂದಮೇಲೆ ನಮ್ಮ ಕೀಲಿಗೆ ಹೊಂದುವ ಕೀಲಿಕೈ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ರೊಕ್ಕದ ಲೆಕ್ಕ. ಒಂದು ಹಕ್ಕಿಗೆ ದಿನಕ್ಕೆ 25ರಿಂದ 30 ಗ್ರಾಂ ದಾಣಿ. ನೂರು ಹಕ್ಕಿಗೆ ಒಂದು ಕ್ವಿಂಟಾಲ್ ದಾಣಿ ಮೂವತ್ತಮೂರರಿಂದ ನಾಲ್ವತ್ತು ದಿನ ಬರುತ್ತದೆ. ಫೈಟೇಸ್ ಸಾಮಾನ್ಯವಾಗಿ ಕಿಲೋ ದಾಣಿಗೆ 500 ಯೂನಿಟ್. ಪೊಟ್ಟಣದ ಮೇಲೆ ಗ್ರಾಂಗೆ 5,000 ಯೂನಿಟ್ ಎಂದಿದ್ದರೆ ಕ್ವಿಂಟಾಲಿಗೆ 10 ಗ್ರಾಂ ಸಾಕು. ಇಷ್ಟರಿಂದ ದಾಣಿಯಲ್ಲಿ ನೂರಕ್ಕೆ ಸುಮಾರು 0.1 ಪಾಲು ರಂಜಕ ಬಿಡುಗಡೆಯಾಗುತ್ತದೆ, ಎಂದರೆ ಕ್ವಿಂಟಾಲಿಗೆ 100 ಗ್ರಾಂ. ಅಷ್ಟು ರಂಜಕವನ್ನು ಡಿ.ಸಿ.ಪಿ. ಪುಡಿಯಿಂದ ಕೊಡಬೇಕಾದರೆ ಅರ್ಧ ಕಿಲೋಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಉಳಿತಾಯವೆಂದರೆ ಆ ಅರ್ಧ ಕಿಲೋ ಡಿ.ಸಿ.ಪಿ. ಅದರ ಬೆಲೆಯನ್ನೂ 10 ಗ್ರಾಂ ಕಿಣ್ವದ ಬೆಲೆಯನ್ನೂ ಪಕ್ಕದಲ್ಲಿಟ್ಟು ನೋಡಿರಿ. ಕಿಣ್ವ ಅಗ್ಗವಾದರೆ ತೆಗೆದುಕೊಳ್ಳಿರಿ, ತುಟ್ಟಿಯಾದರೆ ಬಿಡಿರಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಡಿ.ಸಿ.ಪಿ.ಯನ್ನೂ ಪೂರ್ತಿ ಹಾಕಿ ಕಿಣ್ವವನ್ನೂ ಹಾಕಿದರೆ ಎರಡೂ ಖರ್ಚು ಮೈಮೇಲೆ ಬೀಳುತ್ತವೆ. ಡಿ.ಸಿ.ಪಿ. ಅರ್ಧ ಕಿಲೋ ಇಳಿಸಿದಾಗ ಅದರೊಳಗಿನ ಸುಣ್ಣವೂ ಇಳಿಯುತ್ತದೆ. ಅದಕ್ಕೆ ಬದಲಾಗಿ ದಾಣಿ ದರ್ಜೆಯ ಸುಣ್ಣಕಲ್ಲಿನ ಪುಡಿ ಸುಮಾರು 300 ಗ್ರಾಂ ಸೇರಿಸಬೇಕು. ಹಾಗೆಂದು ಸುಣ್ಣವನ್ನು ಅಳತೆ ಮೀರಿ ಸುರಿದರೆ ಅದು ಫೈಟೇಟಿನ ಗಂಟನ್ನು ಇನ್ನೂ ಬಿಗಿ ಮಾಡುತ್ತದೆ. ಮೊದಲಿನ ಮಿಶ್ರಣವೇ ಸರಿಯಿಲ್ಲದಿದ್ದರೆ ಈ ಲೆಕ್ಕ ಕೂಡದು. ಆದುದರಿಂದ ಪಶು ಆಸ್ಪತ್ರೆಯ ವೈದ್ಯರಿಗೆ ನಿಮ್ಮ ಮಿಶ್ರಣದ ಚೀಟಿ ತೋರಿಸಿಯೇ ಇಳಿಸತಕ್ಕದ್ದು. ಕಂಪನಿಯ ಸಿದ್ಧ ದಾಣಿ ತರುವವರು ಚೀಲದ ಮೇಲಿನ ಬರಹ ಓದಿರಿ. ಅನೇಕ ಸಲ ಫೈಟೇಸ್ ಅದರಲ್ಲಿ ಮೊದಲೇ ಇರುತ್ತದೆ. ಇದ್ದದ್ದಕ್ಕೇ ಮತ್ತೆ ಬೆರೆಸುವುದು ಬ್ಯಾಡ್ರಿ.

ಹತ್ತು ಗ್ರಾಂ ಪುಡಿಯನ್ನು ಕ್ವಿಂಟಾಲ್ ರಾಶಿಯ ಮೇಲೆ ಉದುರಿಸಿದರೆ ಒಂದು ಹಕ್ಕಿಗೆ ಸಿಕ್ಕೀತು, ಹತ್ತಕ್ಕೆ ಸಿಗದು. ಮೊದಲು ಒಂದು ಕಿಲೋ ತೌಡಿನಲ್ಲಿ ಕಲಸಿ, ಅದನ್ನು ಹತ್ತು ಕಿಲೋದಲ್ಲಿ ಕಲಸಿ, ಆಮೇಲೆ ಇಡೀ ರಾಶಿಗೆ ಬೆರೆಸಬೇಕು. ಬೇಯಿಸಿದ, ಬಿಸಿ ಇರುವ ದಾಣಿಗೆ ಹಾಕಬಾರದು.

“ಹಂಗಾದ್ರ ಕಾಳು ಮೊಳಕೆ ಬರಿಸಿ ಹಾಕಿದ್ರ ಕಿಣ್ವ ಪುಕ್ಕಟೆ ಸಿಗ್ತದಲ್ಲ?” ಎಂದು ಕೇಳಬಹುದು. ಮೊಳಕೆಯಲ್ಲಿ ಕಿಣ್ವವಿರುವುದು ದಿಟ. ಆದರೆ ಎಳೆ ಜೋಳ ತಿಂದ ದನ ನಂಜೇರಿ ಬೀಳುವುದನ್ನು ನೀವು ಬಲ್ಲಿರಿ. ಅದೇ ನಂಜು ಜೋಳದ ಮೊಳಕೆಯಲ್ಲಿಯೂ ಹುಟ್ಟುತ್ತದೆ. ನೆನೆಸಿಟ್ಟ ದಾಣಿ ನಮ್ಮ ಬಿಸಿಲಿಗೆ ಅರ್ಧ ದಿನದಲ್ಲಿ ಹಳಸಿ ಬೂಷ್ಟು ಹಿಡಿಯುತ್ತದೆ. ಆ ದಾರಿ ಬೇಡ.

ಸೂರ್ಯಕಾಂತಿ ಹಿಂಡಿ, ತೊಗರಿ ಹೊಟ್ಟು, ತೌಡು ಮುಂತಾದ ನಾರು ಪದಾರ್ಥಗಳು ಹೆಚ್ಚಿದ್ದಾಗ ನಾರೊಡೆಯುವ ಕಿಣ್ವಗಳಿಂದ ಸ್ವಲ್ಪ ಪ್ರಯೋಜನ ಕಂಡೀತು. ಒಳ್ಳೆಯ ಗೋವಿನಜೋಳ, ಸೋಯಾ ಹಿಂಡಿಯ ದಾಣಿಯಲ್ಲಿ ಅವುಗಳ ಫಲ ಅಲ್ಪ. ಗೌಜಲಕ್ಕಿಗಳ ಮೇಲೆ ನಾನಾ ದೇಶಗಳಲ್ಲಿ ನಡೆದ ಪ್ರಯೋಗಗಳ ಫಲವೂ ಒಂದೇ ಬಗೆಯಾಗಿಲ್ಲ. ಕೆಲವೆಡೆ ತತ್ತಿ ಹೆಚ್ಚಿದೆ, ಕೆಲವೆಡೆ ಏನೂ ಹೆಚ್ಚಿಲ್ಲ. ದಾಣಿ ಬೇರೆ ಬೇರೆಯಾದರೆ ಫಲ ಬೇರೆಯಾಗುವುದು ಸಹಜ.

ಕಿಣ್ವ ಮಾಡಲಾರದ ಕೆಲಸಗಳೂ ಉಂಟು. ಬೂಷ್ಟು ಹಿಡಿದ ಶೇಂಗಾ ಹಿಂಡಿಯ ವಿಷವನ್ನು ಫೈಟೇಸ್ ತೆಗೆಯದು. ಕೆಂಪು ಜೋಳದ ಒಗರನ್ನು ಕಳೆಯದು. ಹತ್ತಿಕಾಳಿನ ಹಿಂಡಿಯಿಂದ ತತ್ತಿಯ ಹಳದಿ ಬಣ್ಣಗೆಡುವುದನ್ನು ತಪ್ಪಿಸದು. ಬೇಸಿಗೆಯ ಝಳಕ್ಕೆ ಹಕ್ಕಿ ದಾಣಿ ಬಿಟ್ಟರೆ ಅದಕ್ಕೆ ನೆರಳು, ಗಾಳಿ, ತಣ್ಣನೆಯ ನೀರೇ ಔಷಧ. ದಿನಕ್ಕೆ ಹದಿನಾರು ತಾಸು ಬೆಳಕಿಲ್ಲದಿದ್ದರೆ ಯಾವ ಪುಡಿಯೂ ತತ್ತಿ ತಾರದು.

ಕೊನೆಗೆ ಒಂದು ಸಲಹೆ. ಅಂಗಡಿಯವರ ಮಾತನ್ನೂ ನಂಬಬೇಡಿರಿ, ನನ್ನ ಮಾತನ್ನೂ ಸುಮ್ಮನೆ ನಂಬಬೇಡಿರಿ. ವೈದ್ಯರು ಮಿಶ್ರಣವನ್ನು ಹೊಂದಿಸಿಕೊಟ್ಟ ಮೇಲೆ, ಒಂದೇ ವಯಸ್ಸಿನ ನೂರು ಹಕ್ಕಿಯಲ್ಲಿ ಐವತ್ತನ್ನು ಒಂದು ಗೂಡಿಗೆ, ಐವತ್ತನ್ನು ಇನ್ನೊಂದಕ್ಕೆ ಹಾಕಿರಿ. ಒಂದಕ್ಕೆ ಮೊದಲಿನ ದಾಣಿ, ಇನ್ನೊಂದಕ್ಕೆ ಡಿ.ಸಿ.ಪಿ. ಇಳಿಸಿ ಕಿಣ್ವ ಹಾಕಿದ ದಾಣಿ. ನಾಲ್ಕು ವಾರ ತತ್ತಿ ಎಣಿಸಿರಿ, ದಾಣಿ ತೂಗಿರಿ, ಒಡೆದ ತತ್ತಿ, ತೆಳು ಸಿಪ್ಪೆಯ ತತ್ತಿಗಳನ್ನು ಬೇರೆ ಬರೆದಿಡಿರಿ. ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಈ ಲೆಕ್ಕ ಒಪ್ಪಿಸಿದರೆ ಸಂತೋಷದಿಂದ ಬರೆದಾರು. ಕಿಣ್ವದ ಗೂಡಿನಲ್ಲಿ ತತ್ತಿ ಅಷ್ಟೇ ಬಂದು, ಸಿಪ್ಪೆಯೂ ಗಟ್ಟಿಯಿದ್ದು, ಖರ್ಚು ಇಳಿದಿದ್ದರೆ ಅದೇ ಲಾಭ. ಹೆಚ್ಚು ತತ್ತಿಯ ಆಸೆಗಲ್ಲ, ಕಡಿಮೆ ಖರ್ಚಿನಲ್ಲಿ ಅಷ್ಟೇ ತತ್ತಿಗೆ ಈ ಕಿಣ್ವ ಬೇಕಾದದ್ದು. ತತ್ತಿಯ ದುಡ್ಡು ಬಹಳ ಮನೆಗಳಲ್ಲಿ ತಾಯಂದಿರ ಕೈಯ ದುಡ್ಡು. ಅದು ಪೊಟ್ಟಣದ ಬೆಲೆಗೆ ಸೋರಿ ಹೋಗಬಾರದು.

ಕೀಲಿಯನ್ನು ಮೊದಲು ನೋಡಿರಿ, ಆಮೇಲೆ ಕೀಲಿಕೈ ಕೊಳ್ಳಿರಿ.